‘ಇನ್ನು ನಿಂತಿತು ಬಿಡು’ ಅನ್ನುವ ಮುಂಚೆ

ಕಳೆದ ವಾರದ ಸಮಸ್ಯೆ: ನನಗೆ 43. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ‘ಇನ್ನು ನಿಂತಿತು ಬಿಡು, ಪೀಡೆ ಹೋಯಿತು’ ಅಂತಾರೆ ಅತ್ತೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
– ಓದುಗಿ, ಯಾದಗಿರಿ

ತಂಗಿ, ಮೊದಲು ಗರ್ಭ ನಿಂತಿದೆಯೇ ನೋಡಿಕೋ. ನಾಚಿಕೆ ಬೇಡ. ನನಗೂ 44ರಲ್ಲಿ ಹೀಗೇ ಆಯಿತು. ಮಗಳು ಪಿಯುಸಿ ಪರೀಕ್ಷೆಗೆ ಓದುತ್ತಿದ್ದಳು. ಮುಟ್ಟು ನಿಲ್ಲೋ ವಯಸ್ಸು ಅಂತ ಸುಮ್ನಿದ್ದೆ. ಕೊನೆಗೆ ಆಶಾ ಕಾರ್ಯಕರ್ತೆ ಕೊಟ್ಟ ಕಿಟ್‌ಗೆ ಬೆಳಗಿನ ಮೊದಲ ಮೂತ್ರದ ಹನಿ ಹಾಕಿದೆ. ಎರಡು ಗೆರೆ ಮೂಡಿದವು. ಆಗಲೇ ನಾಲ್ಕನೇ ತಿಂಗಳು. ಮುಟ್ಟು ತಪ್ಪಿ ತಪ್ಪಿ ಆಗುವ ಕಾಲದಲ್ಲೂ ಗರ್ಭ ನಿಲ್ಲುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.
– ಒಬ್ಬ ತಾಯಿ, ಸೇಡಂ

ಅಕ್ಕ, ನನಗೆ ಕಾರಣ ಥೈರಾಯ್ಡ್. ಆಗ 41. ಐದು ತಿಂಗಳು ಮುಟ್ಟಿಲ್ಲ. ಅದೊಂದೇ ಅಲ್ಲ, ಬಾಚಣಿಕೆ ತುಂಬ ಕೂದಲು. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ತೋಳು ಸೋತು ಒಲೆ ಮುಂದೆಯೇ ಕೂತುಬಿಡುತ್ತಿದ್ದೆ. ಊಟ ಕಮ್ಮಿ, ತೂಕ ಜಾಸ್ತಿ. ಎಲ್ಲಾ ವಯಸ್ಸಿನ ಮೇಲೆ ಹಾಕಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ಏರಿತ್ತು, ಅಂದರೆ ಥೈರಾಯ್ಡ್ ಗ್ರಂಥಿ ಕಮ್ಮಿ ಕೆಲಸ ಮಾಡುತ್ತಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಶುರುವಾಯಿತು, ಚಹಾ ಅರ್ಧ ತಾಸು ತಡ. ಮೂರನೇ ತಿಂಗಳಿಗೆ ಮುಟ್ಟು ಬಂತು.

ಡಾಕ್ಟರು ಅವತ್ತೇ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನನ್ನೂ ನೋಡಿದ್ದರು. ಅದು ಏರಿದರೂ ಮುಟ್ಟು ನಿಲ್ಲುತ್ತದೆ, ಕೂಸು ಇಲ್ಲದಿದ್ದರೂ ಎದೆಯಲ್ಲಿ ಹಾಲು ಜಿನುಗಬಹುದು. ವಾಂತಿಗೆ ನುಂಗುವ ಕೆಲವು ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆ ಅದನ್ನು ಏರಿಸುತ್ತವೆ. ಗರ್ಭ ನಿಲ್ಲದಿರಲಿ ಅಂತ ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಇಂಜೆಕ್ಷನ್ನಿಂದಲೂ ಮುಟ್ಟು ನಿಲ್ಲಬಹುದು. ಹಾಗಾಗಿ ನೀವು ತೊಗೊಳ್ಳೋ ಮಾತ್ರೆ, ಹಳೇ ಚೀಟಿ ಎಲ್ಲಾ ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ನೀವಾಗೇ ಯಾವ ಮಾತ್ರೆಯನ್ನೂ ಬಿಡಬೇಡಿ. ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆ, ಏಕಾಏಕಿ ತೂಕ ಇಳಿಯುವುದು, ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟು ಇವುಗಳಿಂದಲೂ ಆಗುತ್ತದೆ.
– ಶಿಕ್ಷಕಿ, ಕಲಬುರಗಿ

ನನ್ನದು ನಿಜಕ್ಕೂ ನಿಲ್ಲುವ ಕಾಲವೇ ಆಗಿತ್ತು. 47 ವಯಸ್ಸು. ನಮ್ಮ ಕಡೆ ಬಿಸಿಲಿಗೆ ಬೆವರೋದು ಹೊಸದಲ್ಲ ಅಲ್ವಾ? ಆದರೆ ಬೀದರಿನ ಡಿಸೆಂಬರ್ ಚಳಿಯಲ್ಲಿ ನಾನು ಕೌದಿ ಒದ್ದು ಎದ್ದು ಕೂರುತ್ತಿದ್ದೆ. ಎದೆಯಿಂದ ಮುಖದವರೆಗೆ ಝಳ, ದಿಂಬು ಒದ್ದೆ. ಮುಟ್ಟು ಒಮ್ಮೆ ಎರಡು ತಿಂಗಳು ಬಿಟ್ಟು, ಒಮ್ಮೆ ಇಪ್ಪತ್ತೇ ದಿನಕ್ಕೆ.

ಪೂರ್ತಿ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ನಾಲ್ಕು ತಿಂಗಳಿಗೇ ಹಾಗನ್ನೋಕಾಗದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46–47ರ ಆಸುಪಾಸು ನಿಲ್ಲುತ್ತದೆ. 45ಕ್ಕೆ ಮುಂಚೆಯೇ ನಿಂತರೆ ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ನಿಮಗಿನ್ನೂ 43. ಅದಕ್ಕೇ ಅತ್ತೆಯ ಮಾತು ಕೇಳಿ ಕೂರಬೇಡಿ, ತೋರಿಸಿ.

ಇನ್ನೊಂದು ಮಾತು. ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ಮುಚ್ಚಿಡಬಾರದು. ನಮ್ಮ ಅಕ್ಕ ಹದಿನಾಲ್ಕನೇ ತಿಂಗಳಲ್ಲಿ ಕಲೆಯಾದ ಸೀರೆಯನ್ನು ನಸುಕಿನಲ್ಲೇ ಎದ್ದು ಒಗೆದುಬಿಡುತ್ತಿದ್ದಳು. ಹಗ್ಗದ ಮೇಲೆ ದಿನಾ ಅದೇ ಸೀರೆ ನೋಡಿ ನಾನೇ ಕೇಳಿದೆ, ಕರಕೊಂಡು ಹೋದೆ. ಗರ್ಭಕೋಶದೊಳಗೆ ಸಣ್ಣ ಗಡ್ಡೆ ಇತ್ತು. ತೆಗೆದರು, ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇರಲಿಲ್ಲ.
– ಓದುಗಿ, ಹುಮನಾಬಾದ್