ಸಹಾಯ ಬೇಕು: ಥಾಯ್ ಮಕ್ಕಳ ಬಾಯಲ್ಲಿ ಪದದ ಕೊನೆಯ ‘ಸ್’ ಹೇಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಉತ್ತರ ಥಾಯ್ಲೆಂಡಿನ ಹಳ್ಳಿ ಶಾಲೆ, ಸ್ವಯಂಸೇವೆಯ ಇಂಗ್ಲಿಷ್ ಪಾಠ, ಮೂರನೇ ತರಗತಿ, 32 ಮಕ್ಕಳು. ‘ಬಸ್’ ಅನ್ನಿ ಅಂದ್ರೆ ‘ಬತ್’ ಅಂತಾರೆ. ಥಾಯ್ ಭಾಷೇಲಿ ಪದದ ಕೊನೆಗೆ ‘ಸ್’ ಸದ್ದೇ ಇಲ್ಲ, ಬರೆದಿದ್ರೂ ‘ತ್’ ಅಂತಲೇ ಓದೋದು. ‘ಸ್’ ಮೊದಲಿಗೆ ಬರೋ ‘ಸನ್’ ಮಾತ್ರ ಸಲೀಸು, ಪಾಪ, ಸೋಮಾರಿತನವಂತೂ ಅಲ್ಲ.

ಹಾವಿನ ಥರ ‘ಸ್ಸ್ಸ್’ ಹೇಳಿಸಿದ್ದಾಯ್ತು, ಬಿಡಿಯಾಗಿ ಬರುತ್ತೆ, ಪದಕ್ಕೆ ಸೇರಿಸಿದ ಕೂಡಲೇ ಮಾಯ. ಬಾಯಿ ಮುಂದೆ ಅಂಗೈ ಹಿಡಿದು ಗಾಳಿ ತೋರಿಸಿದರೂ ಅಷ್ಟೇ. ನಮ್ಮ ಕನ್ನಡದ ‘ಬಸ್ಸು’ ಥರ ಹಿಂದೆ ‘ಉ’ ಇಟ್ಟರೆ ಥಟ್ಟನೆ ಹೇಳ್ತಾರೆ! ಆದ್ರೆ ಆ ‘ಉ’ ನಾಲಿಗೆಗೆ ಅಂಟಿಕೊಂಡುಬಿಟ್ಟರೆ ಅನ್ನೋದೇ ಚಿಂತೆ.

ಪುಟ್ಟ ಮಕ್ಕಳಿಗೆ ಉಚ್ಚಾರಣೆ ಕಲಿಸಿದವರು ಹೇಳಿ: ‘ಬಸ್ಸು’ವಿನಿಂದ ಶುರು ಮಾಡಿ ಆಮೇಲೆ ‘ಉ’ ಬಿಡಿಸಬಹುದಾ? ಬಿಡಿಸೋದಾದ್ರೆ ಯಾವ ಹಂತದಲ್ಲಿ, ಹೇಗೆ?