ಡೋಪಿಂಗ್ ಬಗ್ಗೆ ಕೇಳಿದರೆ ಅಥ್ಲೀಟ್‌ಗಳು ನಿಜ ಹೇಳುತ್ತಾರಾ?

ಪ್ರಶ್ನೆ:
ಡೋಪ್ ಟೆಸ್ಟ್‌ನಲ್ಲಿ, ಅಂದರೆ ನಿಷೇಧಿತ ಮದ್ದು ತಗೊಂಡಿದ್ದಾರಾ ಎಂದು ನೋಡುವ ಪರೀಕ್ಷೆಯಲ್ಲಿ, ನೂರಕ್ಕೆ ಒಬ್ಬಿಬ್ಬರು ಸಿಕ್ಕಿಬೀಳುತ್ತಾರೆ. ಆದರೆ ಒಂದು ಸರ್ವೆ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಎನ್ನುತ್ತದೆ. ಇಷ್ಟು ವ್ಯತ್ಯಾಸ ಹೇಗೆ? ಸಮಾಜಶಾಸ್ತ್ರ ಎಂ.ಎ.ಗೆ ನಮ್ಮ ಕಡೆಯ ಓಟಗಾರರ ಬಗ್ಗೆ ಇದೇ ವಿಷಯ ತಗೊಳ್ಳೋಣ ಅಂತಿದ್ದೇನೆ. ಆದರೆ ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಯಾರು ಒಪ್ಪಿಕೊಳ್ಳುತ್ತಾರೆ?

ಉತ್ತರ 1:
ನೀವು ಹೇಳುತ್ತಿರುವುದು 2011ರಲ್ಲಿ ದಕ್ಷಿಣ ಕೊರಿಯಾದ ದೇಗುವಿನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಕೂಟದ ಸರ್ವೆ ಇರಬೇಕು. ಅದೇ ವರ್ಷ ದೋಹಾದ ಪ್ಯಾನ್ ಅರಬ್ ಗೇಮ್ಸ್‌ನಲ್ಲೂ ಮಾಡಿದರು, ಒಟ್ಟು 2,167 ಜನ. ಅವರ ಉಪಾಯ ನನಗೆ ತುಂಬಾ ಇಷ್ಟ. ಹತ್ತಿರದವರೊಬ್ಬರ ಹುಟ್ಟಿದ ದಿನ ನೆನೆಸಿಕೊಳ್ಳಿ, ಯಾರಿಗೂ ಹೇಳಬೇಡಿ. ಅದು ತಿಂಗಳ 1ರಿಂದ 10ರೊಳಗಿದ್ದರೆ, ಆ ದಿನ ವರ್ಷದ ಮೊದಲರ್ಧದಲ್ಲಿ ಬರುತ್ತದಾ ಎಂಬ ಪ್ರಶ್ನೆಗೆ ಉತ್ತರಿಸಿ. ಇಲ್ಲವಾದರೆ, ಕಳೆದ 12 ತಿಂಗಳಲ್ಲಿ ಗೊತ್ತಿದ್ದೇ ಡೋಪಿಂಗ್ ನಿಯಮ ಮುರಿದಿರಾ ಎಂಬುದಕ್ಕೆ. ದಾಖಲಾಗುವುದು ಬರೀ ಹೌದು, ಇಲ್ಲ. ಯಾವ ಪ್ರಶ್ನೆಗೆ ಹೌದು ಎಂದರೋ ಸಂಶೋಧಕರಿಗೂ ಗೊತ್ತಾಗದು.

ಲೆಕ್ಕ ಸುಲಭ. ಉದಾಹರಣೆಗೆ 300 ಜನರಲ್ಲಿ ಸುಮಾರು 100 ಜನಕ್ಕೆ ಹುಟ್ಟುಹಬ್ಬದ ಪ್ರಶ್ನೆ ಬರುತ್ತದೆ, ಅವರಲ್ಲಿ 50 ಜನ ಹೌದು ಎನ್ನುತ್ತಾರೆ. ಒಟ್ಟು ಹೌದು 130 ಬಂದರೆ ಉಳಿದ 80 ಡೋಪಿಂಗ್‌ನದು, ಅಂದರೆ 200ಕ್ಕೆ 80. ಹೀಗೆ ದೇಗುವಿನಲ್ಲಿ ಶೇ. 43.6, ದೋಹಾದಲ್ಲಿ ಶೇ. 57.1 ಬಂತು. ಬೇಸರದ ಸಂಗತಿ ಅಂದರೆ ಇದು ಪ್ರಕಟವಾಗಿದ್ದು 2017ರಲ್ಲಿ. ಆರು ವರ್ಷ!

ಉತ್ತರ 2:
ಆ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಸೂಚನೆ ಸರಿಯಾಗಿ ಓದದೆ ಸುಮ್ನೆ ಹೌದು ಒತ್ತಿದವರೂ ಇರಬಹುದಲ್ವಾ? ಕೇಳುವ ರೀತಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಪದಕ ಖಚಿತ, ಆದರೆ ಐದು ವರ್ಷದಲ್ಲಿ ಸಾವು, ಅಂಥ ಮದ್ದು ತಗೊಳ್ತೀರಾ ಎಂದು ಅಮೆರಿಕದ ವೈದ್ಯ ಗೋಲ್ಡ್‌ಮನ್ ಕೇಳಿದಾಗ ಅರ್ಧದಷ್ಟು ಅಥ್ಲೀಟ್‌ಗಳು ಹೂಂ ಅಂದರು ಎಂಬ ಮಾತು 1980ರ ದಶಕದಿಂದ ಓಡಾಡುತ್ತಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮತ್ತೆ ಕೇಳಿದರೆ 212 ಜನರಲ್ಲಿ ಹೂಂ ಅಂದವರು ಇಬ್ಬರೇ.

ಉತ್ತರ 3:
ನನಗೆ ಕಾಡುವುದು ಆ 'ಗೊತ್ತಿದ್ದೇ' ಎನ್ನುವ ಭಾಗ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದು, ಮರುವರ್ಷ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂತು ಎಂಬುದು ಅವರ ವಾದ. ಕೊನೆಗೆ ಎರಡು ವರ್ಷ ನಿಷೇಧ ಬಿತ್ತು. ಇಂಥವರು ಆ ಸರ್ವೆಯಲ್ಲಿ ಏನು ಒತ್ತಬೇಕು?

ಇನ್ನೊಂದು, ಹುಟ್ಟುಹಬ್ಬದ ವಿಧಾನಕ್ಕೆ ನೂರಾರು ಜನ ಬೇಕು. ಐವತ್ತು ಜನರಲ್ಲಿ ಮಾಡಿದರೆ ಬರುವ ಸಂಖ್ಯೆಗೆ ಬೆಲೆಯಿಲ್ಲ. ಎಂ.ಎ.ಗೆ ನಾನಾದರೆ ಎಷ್ಟು ಜನ ಎಂದು ಎಣಿಸಲು ಹೋಗುವುದಿಲ್ಲ. ಪ್ರೋಟೀನ್ ಡಬ್ಬ ಯಾರು ತಂದುಕೊಟ್ಟರು, ಇಂಜೆಕ್ಷನ್ ಬಗ್ಗೆ ಯಾರನ್ನು ಕೇಳ್ತೀರಿ, ಸ್ಪೋರ್ಟ್ಸ್ ಕೋಟಾ ಕೆಲಸಕ್ಕೆ ಮನೆಯವರು ಎಷ್ಟು ಕಾಯ್ತಿದ್ದಾರೆ, ಇದನ್ನೆಲ್ಲ ನಿಧಾನವಾಗಿ ಮಾತಾಡಿಸಿ. ಹೆಸರು ಮಾತ್ರ ಎಲ್ಲೂ ಬರೆದಿಡಬೇಡಿ.