ಸಹಾಯ ಬೇಕು: ವಿದ್ಯಾರ್ಥಿಗಳ ಬಾಡಿಗೆ ಕರಾರು ಓದಿ ಹೇಳುವವರು

ಬಾಡಿಗೆ ಮನೆಯಲ್ಲಿರುವ ವಿದ್ಯಾರ್ಥಿಗಳಿಗೆ ಉಚಿತ ಸಲಹೆ ಕೊಡುವ ತಂಡ ಕಟ್ಟುತ್ತಿದ್ದೇವೆ. ಕರಾರು ಓದಿ ಬಿಡಿಸಿ ಹೇಳಬಲ್ಲ ವಕೀಲರು, ಕಾನೂನು ಓದುತ್ತಿರುವ ಹಿರಿಯ ವಿದ್ಯಾರ್ಥಿಗಳು ವಾರಕ್ಕೆ ಎರಡು ಗಂಟೆ ಕೊಡಬಹುದೇ?

ಜಗಳ ಹೆಚ್ಚಾಗಿ ಮುಂಗಡದ್ದೇ. ಮನೆ ಬಿಡುವಾಗ ಗೋಡೆ ಹಾಳಾಗಿದೆ, ನಲ್ಲಿ ಸೋರುತ್ತಿದೆ ಎಂದು ಹಣ ಹಿಡಿದುಕೊಂಡರೆ, ಅದು ಮೊದಲೇ ಹಾಗಿತ್ತು ಎಂದು ತೋರಿಸಲು ಮಕ್ಕಳ ಬಳಿ ಏನೂ ಇರುವುದಿಲ್ಲ. ಸಾಮಾನು ಇಳಿಸುವ ಮೊದಲೇ ಪ್ರತಿ ಕೋಣೆಯ ಫೋಟೊ, ಮೀಟರ್ ರೀಡಿಂಗ್, ಮನೆಯಲ್ಲಿರುವ ವಸ್ತುಗಳ ಪಟ್ಟಿಯನ್ನು ಮಾಲೀಕರಿಗೆ ಇಮೇಲ್ ಮಾಡಬೇಕು. ಕಳಿಸಿದ ದಿನಾಂಕ ಮುಂದೆ ಸಾಕ್ಷಿಗೆ ಬರುತ್ತದೆ. ಇದಕ್ಕೆ ಒಂದು ಪುಟದ ನಮೂನೆ ಬೇಕು. ದಿನನಿತ್ಯದ ಬಳಕೆಯಿಂದ ಸವೆದದ್ದು ಬೇರೆ, ಹಾನಿ ಬೇರೆ ಎಂಬುದನ್ನು ಅದರಲ್ಲೇ ಉದಾಹರಣೆ ಕೊಟ್ಟು ಬರೆಯಬೇಕು.

ಜಂಟಿ ಹೊಣೆಯ ಕಲಮನ್ನು ಯಾರೂ ಓದುವುದೇ ಇಲ್ಲ. ಆ ಕಲಮಿರುವ ಕರಾರಿಗೆ ನಾಲ್ವರು ಸಹಿ ಹಾಕಿ ಒಬ್ಬರು ನಡುವೆ ಬಿಟ್ಟುಹೋದರೆ, ಅವರ ಪಾಲನ್ನೂ ಉಳಿದ ಮೂವರಿಂದ ಕೇಳಬಹುದು. ಜಾಮೀನು ನಿಂತ ತಂದೆತಾಯಿಯವರೆಗೂ ಅದು ಹೋಗಬಹುದು. ಇದರ ಸರಳ ವಿವರಣೆ ನಮಗೆ ತುರ್ತಾಗಿ ಬೇಕು.

ದಿಢೀರನೆ ಹೊರಹಾಕಲ್ಪಟ್ಟವರಿಗೆ ಕೆಲವು ರಾತ್ರಿ ಜಾಗ, ಸಾಮಾನು ಇಡಲು ಕೋಣೆ ಕೊಡಬಲ್ಲವರೂ ತಿಳಿಸಿ.

ನೆರವು ಕೇಳುವವರು ಕರಾರಿನ ಎಲ್ಲ ಪುಟ, ರಸೀದಿ, ಸಂದೇಶಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಖಾಸಗಿಯಾಗಿ ಕಳಿಸಿ, ಗುಂಪಿನಲ್ಲಿ ಹಾಕಬೇಡಿ. ನೋಟಿಸ್ ಬಂದಿದ್ದರೆ ಉತ್ತರದ ಗಡುವನ್ನು ಮೊದಲ ಸಾಲಿನಲ್ಲೇ ಬರೆಯಿರಿ. ದಯವಿಟ್ಟು ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ. ಮನೆ ಬಿಡಿಸಲು ಅದೇ ಕಾರಣವಾಗಬಹುದು.

ಕೈಜೋಡಿಸುವವರು ಬಲ್ಲ ಭಾಷೆ, ಬಿಡುವಿನ ದಿನವನ್ನು ಕೆಳಗೆ ಬರೆಯಿರಿ.